ಹೆಡ್‌ಲೈಟ್ ಹತ್ತದಿದ್ದರೆ ಮೊದಲು ಸ್ವಿಚ್ಚನ್ನೇ ಬೈಯಬೇಡಿ

ಈ ವಾರ ಕೊಳೆರೋಗ, ಗೊಬ್ಬರ ಎರಡಕ್ಕೂ ರಜೆ. ಅಂಗಳದಲ್ಲಿ ನಿಂತಿರೋ ಗಾಡಿಯ ಬಗ್ಗೆ ಮಾತಾಡೋಣ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಅಡಿಕೆ ಚೀಲ ಹೊರೋದೂ ಅದೇ, ರಾತ್ರಿ ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಒಯ್ಯೋದೂ ಅದೇ. ಮೆಕ್ಯಾನಿಕ್ ಇರೋದು ಪೇಟೆಯಲ್ಲಿ, ಅದೂ ಹಗಲು ಹೊತ್ತು. ಆಗುಂಬೆ, ಹುಲಿಕಲ್ ಕಡೆ ಜೋರು ಮಳೆ ಹಿಡಿದರೆ ಸಂಜೆ ಐದಕ್ಕೇ ಲೈಟ್ ಬೇಕು. ಘಾಟಿ ತಿರುವಿನಲ್ಲಿ ಅದು ಕೈಕೊಟ್ಟರೆ ಫೋನಿಗೆ ನೆಟ್‌ವರ್ಕೂ ಇರಲ್ಲ.

ಮಾರುತಿ 800 ತಯಾರಿ 2014ರಲ್ಲಿ ನಿಂತಿತು, ಓಮ್ನಿ 2019ರಲ್ಲಿ. ನಮ್ಮ ಕಡೆ ಎರಡೂ ಇನ್ನೂ ನಿವೃತ್ತಿ ಪಡೆದಿಲ್ಲ. ನಾನು ಇಲ್ಲಿ ಹೇಳೋದು ಇಂಥ ಹಳೇ, ಸರಳ ವೈರಿಂಗ್ ಇರೋ ಗಾಡಿಗಳ ವಿಷಯ.

ಅಡಿಕೆ ಹೆಡೆ ಹಳದಿಯಾದ ಕೂಡಲೇ ಹಳದಿ ಎಲೆ ರೋಗ ಅಂತ ತೀರ್ಮಾನ ಮಾಡ್ತೀವಾ? ಬಸಿಗಾಲುವೆ ಕಟ್ಟಿದೆಯಾ, ಪೋಷಕಾಂಶ ಕಮ್ಮಿಯಾಗಿದೆಯಾ ಅಂತ ನೋಡ್ತೀವಿ. ಹೆಡ್‌ಲೈಟೂ ಹಾಗೇ. ಹೊಸ ಕಾಂಬಿನೇಷನ್ ಸ್ವಿಚ್ ತಂದು ಹಾಕಿ, ದುಡ್ಡು ಕೊಟ್ಟು, ಆಮೇಲೂ ಲೈಟ್ ಬರದೆ ತಲೆ ಕೆರೆದುಕೊಂಡವರು ನಮ್ಮೂರಲ್ಲೇ ಇದ್ದಾರೆ.

ಸ್ಕ್ರೂಡ್ರೈವರ್ ಹಿಡಿಯೋಕೆ ಮೊದಲು ಗೋಡೆ ಮುಂದೆ ಗಾಡಿ ನಿಲ್ಲಿಸಿ ಸುಮ್ಮನೆ ನೋಡಿ. ಒಂದೇ ಕಡೆ ಲೈಟ್ ಹೋಗಿದ್ದರೆ ಸ್ವಿಚ್ಚಿನ ಮೇಲೆ ಅನುಮಾನ ಬಿಡಿ. ಅದು ಆ ಬದಿಯ ಬಲ್ಬ್, ಕಪ್ಲರ್, ಅರ್ಥಿಂಗ್, ಇಲ್ಲವೇ ಆ ಬದಿಗೇ ಬೇರೆ ಫ್ಯೂಸ್ ಇದ್ದರೆ ಅದು. ಎರಡೂ ಹತ್ತುತ್ತಿಲ್ಲ, ಆದರೆ ಎದುರು ಗಾಡಿಗೆ ಫ್ಲ್ಯಾಶ್ ಕೊಡೋ ಹಾಗೆ ಕಡ್ಡಿ ಎಳೆದರೆ ಬೆಳಗುತ್ತವೆ ಅಂದರೆ, ಬಲ್ಬಿನವರೆಗಿನ ದಾರಿ ಬಹುಪಾಲು ಚೆನ್ನಾಗಿದೆ, ಸ್ವಿಚ್ಚಿನ ಕಾಂಟ್ಯಾಕ್ಟ್ ಸುಟ್ಟಿರೋ ಸಾಧ್ಯತೆ ಜಾಸ್ತಿ. ಬ್ರೈಟ್ ಬರುತ್ತೆ, ಡಿಮ್ ಮಾತ್ರ ಇಲ್ಲ ಅಂದರೂ ಸ್ವಿಚ್ಚಿನ ಮೇಲೆ ಕಣ್ಣಿಡಿ. ಆದರೆ ಅದಕ್ಕೂ ಮೊದಲು ಎರಡೂ ಬಲ್ಬ್ ತೆಗೆದು ನೋಡಿ ಮಾರಾಯ್ರೆ. ಒಂದರ ಡಿಮ್ ಫಿಲಮೆಂಟ್ ತಿಂಗಳ ಹಿಂದೆಯೇ ಹೋಗಿರುತ್ತೆ, ನಾವು ಗಮನಿಸಿರಲ್ಲ. ಎರಡನೇದೂ ಹೋದ ದಿನ ಸ್ವಿಚ್ಚಿಗೆ ಬೈತೀವಿ. ಕಡ್ಡಿ ಅಲ್ಲಾಡಿಸಿದಾಗ ಬೆಳಕು ಮಿಣಮಿಣ ಅಂದರೆ ಮಾತ್ರ ತಪ್ಪಿತಸ್ಥ ಸ್ವಿಚ್ಚೇ ಅಂತ ಧೈರ್ಯವಾಗಿ ಹೇಳಬಹುದು.

ಮಲೆನಾಡಿನ ನಿಜವಾದ ಶತ್ರು ಕಿಲುಬು. ಬಲ್ಬಿನ ಹಿಂದಿನ ಕಪ್ಲರ್ ಎಳೆದು ನೋಡಿ, ಪಿನ್ನುಗಳ ಮೇಲೆ ಹಸಿರು ಪುಡಿ ಕೂತಿರುತ್ತೆ. ಬಾಡಿಗೆ ಬಿಗಿದ ಅರ್ಥ್ ವೈರಿನ ಬುಡದಲ್ಲಿ ತುಕ್ಕು. ಬೋಲ್ಟ್ ಬಿಚ್ಚಿ, ತಗಡು ಹೊಳೆಯೋವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿ. ಮೈಲುತುತ್ತದ ದ್ರಾವಣ ಗಾಡಿಯಲ್ಲಿ ಚೆಲ್ಲಿದ್ದರೆ ಆವತ್ತೇ ತೊಳೀರಿ, ಅದು ಕಬ್ಬಿಣವನ್ನು ತಿನ್ನುತ್ತೆ. ಕೊಟ್ಟಿಗೆ ಪಕ್ಕ ಗಾಡಿ ನಿಲ್ಲಿಸುವವರು ಇಲಿ ಕಡಿದ ವೈರ್ ಇದೆಯಾ ಅಂತಲೂ ನೋಡಿ.

ಕೈಯಲ್ಲೊಂದು ಮಲ್ಟಿಮೀಟರ್ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಎಷ್ಟೋ ಜನ ಬೀಪ್ ಇಟ್ಟು ಸ್ವಿಚ್ ಪರೀಕ್ಷೆ ಮಾಡ್ತಾರೆ, ಬೀಪ್ ಬಂದರೆ ಸರಿ ಇದೆ ಅಂತಾರೆ. ಅದು ಪೂರ್ತಿ ನಿಜ ಅಲ್ಲ. ಮೀಟರಿನ ಬೀಪಿಗೆ ಸಾಕಾಗೋದು ಚಿಟಿಕೆಯಷ್ಟು ಕರೆಂಟು. ಅಡಿಕೆ ದಬ್ಬೆಯ ಸಂಕದ ಮೇಲೆ ನಾಯಿ ದಾಟಿತು ಅಂತ ಗೊಬ್ಬರದ ಬುಟ್ಟಿ ಹೊತ್ತವನು ದಾಟೋಕಾಗುತ್ತಾ? ಹಾಗಾಗಿ ಲೈಟ್ ಹಾಕಿಟ್ಟೇ ಅಳೆಯಬೇಕು. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಸ್ವಿಚ್ಚಿಗೆ ಒಳಗೆ ಬರೋ ವೈರಿಗೊಂದು ಕಡ್ಡಿ, ಹೊರಗೆ ಹೋಗೋ ವೈರಿಗೊಂದು ಕಡ್ಡಿ ತಾಗಿಸಿ. 0.2 ವೋಲ್ಟ್ ಆಸುಪಾಸು ತೋರಿಸಿದರೆ ಸ್ವಿಚ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಒಳಗೆ ಸುಟ್ಟಿದೆ. ಪೂರ್ತಿ 12 ವೋಲ್ಟ್ ತೋರಿಸಿದರೆ ಕಾಂಟ್ಯಾಕ್ಟ್ ಕೂಡ್ತಾನೇ ಇಲ್ಲ. ಅರ್ಧ ಒಂದು ವೋಲ್ಟಲ್ಲಿ ಏನಾಗುತ್ತೆ ಅನ್ನಬೇಡಿ. ಬಲ್ಬಿಗೆ ಹತ್ತು ಪರ್ಸೆಂಟ್ ವೋಲ್ಟೇಜ್ ಕಮ್ಮಿಯಾದರೆ ಬೆಳಕು ಸುಮಾರು ಮೂವತ್ತು ಪರ್ಸೆಂಟ್ ಇಳಿಯುತ್ತೆ.

ಸ್ವಿಚ್ ಬಿಚ್ಚೋಕೆ ಮೊದಲು ಬ್ಯಾಟರಿಯ ಮೈನಸ್ ತೆಗೀರಿ, ಸಾಮಾನ್ಯವಾಗಿ 10 ನಂಬರ್ ಸ್ಪ್ಯಾನರ್ ಸಾಕು. ಸ್ಟೀರಿಂಗ್‌ನಲ್ಲಿ ಏರ್‌ಬ್ಯಾಗ್ ಇದ್ದರೆ ಇಲ್ಲಿಗೇ ನಿಲ್ಲಿಸಿ, ಅದು ಅಂಗಳದ ಕೆಲಸ ಅಲ್ಲ. 2019ರ ಜುಲೈಯಿಂದ ಹೊಸ ಕಾರುಗಳಿಗೆಲ್ಲ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ಈಗಿನ ಎಷ್ಟೋ ಕಾರಲ್ಲಿ ಸ್ವಿಚ್ ಬರೀ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತೆ, ಅಲ್ಲಿ ಕಡ್ಡಿ ಚುಚ್ಚಿ ಆಟ ಆಡಬೇಡಿ. ಹಳೇ ಗಾಡಿಯಾದರೆ ಮುಂದುವರೀರಿ. ಪ್ರತಿ ಹಂತಕ್ಕೂ ಫೋನಲ್ಲಿ ಫೋಟೋ ತೆಗೆದುಕೊಳ್ಳಿ, ವೈರಿನ ಬಣ್ಣ ಕಾಣೋ ಹಾಗೆ. ಅಗಲದ ತಟ್ಟೆಯಲ್ಲಿ ಬಟ್ಟೆ ಹಾಸಿ ಅದರ ಮೇಲೇ ಬಿಚ್ಚಿ, ಸಾಸಿವೆಯಷ್ಟು ಗುಂಡು, ಸ್ಪ್ರಿಂಗು ಹಾರಿ ಹೋದರೆ ಹುಡುಕೋದು ಕಷ್ಟ. ಕಾಂಟ್ಯಾಕ್ಟ್ ಬರೀ ಕಪ್ಪಾಗಿದ್ದರೆ ನುಣುಪು ಎಮರಿ ಕಾಗದದಿಂದ ಹಗುರಾಗಿ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೀರಿ. ಪ್ಲಾಸ್ಟಿಕ್ ಕರಗಿದ್ದರೆ ಆಸೆ ಬಿಟ್ಟು ಹೊಸದು ತನ್ನಿ.

ಆದರೆ ಅದು ಕರಗಿದ್ದು ಯಾಕೆ? ಮಾಮೂಲಿ ಎಚ್-4 ಬಲ್ಬ್ 60/55 ವಾಟಿನದು. ಎರಡೂ ಡಿಮ್ ಹತ್ತಿದಾಗ ಸ್ವಿಚ್ಚಿನ ಮೂಲಕ ಸುಮಾರು 9 ಆಂಪ್ ಹರಿಯುತ್ತೆ. ಹೊಸನಗರ ಕಡೆಯ ನೆಂಟರ ಓಮ್ನಿಗೆ ಮಂಜಿನಲ್ಲಿ ಕಾಣಲಿ ಅಂತ 100/90 ವಾಟಿನ ಬಲ್ಬ್ ಹಾಕಿಸಿದ್ದರು. ಅಲ್ಲಿ ಡಿಮ್‌ಗೇ 15 ಆಂಪ್. ಎರಡು ಮಳೆಗಾಲದಲ್ಲಿ ಎರಡು ಸ್ವಿಚ್ ಹೋಯಿತು. ಮಂಜಿನಲ್ಲಿ ಜೋರು ಬೆಳಕು ಹಾಕಿದರೆ ಅದು ವಾಪಸ್ ನಮ್ಮ ಕಣ್ಣಿಗೇ ಬೀಳುತ್ತೆ, ಕಾಣಿಸಿದ್ದೂ ಅಷ್ಟಕ್ಕಷ್ಟೇ.

ಪರಿಹಾರ ರಿಲೇ. ಪಂಪ್‌ಸೆಟ್ ಸ್ಟಾರ್ಟರ್‌ನ ಹಸಿರು ಬಟನ್ ನೆನಪಿಸಿಕೊಳ್ಳಿ. ಮೋಟರಿನ ಕರೆಂಟು ಬಟನ್ ಮೂಲಕ ಹೋಗಲ್ಲ. ಬಟನ್ ಬರೀ ಕಾಯಿಲನ್ನು ಎಬ್ಬಿಸುತ್ತೆ, ಭಾರ ಹೊರೋದು ಒಳಗಿನ ಕಾಂಟ್ಯಾಕ್ಟರ್. ರಿಲೇಯೂ ಅದೇ. ಸ್ವಿಚ್ಚಿಗೆ ಅರ್ಧ ಆಂಪೂ ಬೀಳಲ್ಲ, ಬಲ್ಬಿಗೆ ಬ್ಯಾಟರಿಯಿಂದ ನೇರ ದಾರಿ. ಡಿಮ್‌ಗೊಂದು, ಬ್ರೈಟ್‌ಗೊಂದು. 30 ಬರೆದ ಕಾಲಿಗೆ ಬ್ಯಾಟರಿಯಿಂದ, ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಿ; 87ರಿಂದ ಬಲ್ಬಿಗೆ; 85, 86 ಕಾಯಿಲ್. ಇದರ ರೆಡಿಮೇಡ್ ವೈರಿಂಗ್ ಸೆಟ್ಟೇ ಸಿಗುತ್ತೆ. ತರೋ ಮೊದಲು ಒಂದು ಪರೀಕ್ಷೆ: ಎರಡೂ ಬಲ್ಬಿನ ಕಪ್ಲರ್ ಬಿಚ್ಚಿಟ್ಟು, ಲೈಟ್ ಹಾಕಿ, ಟೆಸ್ಟ್ ಲ್ಯಾಂಪಿನ ಒಂದು ತುದಿ ಬಾಡಿಗೆ ಸಿಕ್ಕಿಸಿ ಪಿನ್ನುಗಳನ್ನು ಮುಟ್ಟಿ ನೋಡಿ. ಡಿಮ್‌ನಿಂದ ಬ್ರೈಟಿಗೆ ಬದಲಿಸಿದಾಗ ಕರೆಂಟ್ ಬೇರೆ ಪಿನ್ನಿಗೆ ಹೋದರೆ ಸ್ವಿಚ್ ಪ್ಲಸ್ ಕಡೆ ಕೆಲಸ ಮಾಡ್ತಿದೆ. ಅದೇ ಪಿನ್ನಲ್ಲೇ ಉಳಿದರೆ ಅದು ಅರ್ಥ್ ಕಡೆ ಕೂಡಿಸೋ ಗಾಡಿ, ಅದಕ್ಕೆ ಹೊಂದೋ ಸೆಟ್ಟೇ ಬೇಕು. ರಿಲೇಯನ್ನು ಕಾಲು ಕೆಳಗೆ ಬರೋ ಹಾಗೆ ಬಿಗೀರಿ, ನಮ್ಮ ಮಳೆಗೆ ನೀರು ಒಳಗೆ ನಿಲ್ಲಬಾರದು.

ಫ್ಯೂಸ್ ಹೋದ ಜಾಗಕ್ಕೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತೋ ಚಾಳಿ ಇನ್ನೂ ಇದೆ. ಫ್ಯೂಸ್ ಸುಡದಿದ್ದರೆ ವೈರ್ ಸುಡುತ್ತೆ, ಪಕ್ಕದಲ್ಲೇ ಪೆಟ್ರೋಲ್ ಇರುತ್ತೆ. ಕೆಂಪು 10, ನೀಲಿ 15, ಹಳದಿ 20 ಆಂಪ್. ಗಾಡಿಯಲ್ಲಿರೋ ಬಣ್ಣಗಳನ್ನು ಒಂದೆರಡು ಹೆಚ್ಚಿಗೆ ಇಟ್ಟುಕೊಳ್ಳಿ.

ಎಲ್ಲ ಜೋಡಿಸಿದ ಮೇಲೆ ಎಂಜಿನ್ ಓಡಿಸಿಕೊಂಡೇ ಹದಿನೈದು ನಿಮಿಷ ಡಿಮ್ ಹಾಕಿಡಿ. ಆಮೇಲೆ ಸ್ವಿಚ್ಚಿನ ಹಿಂದಿನ ಕಪ್ಲರ್ ಮೇಲೆ ಕೈ ಇಟ್ಟು ನೋಡಿ. ತಣ್ಣಗಿದ್ದರೆ ಕವರ್ ಮುಚ್ಚಿ. ಬಿಸಿ ಅನ್ನಿಸಿದರೆ ಎಲ್ಲೋ ಪಿನ್ ಸಡಿಲ ಉಳಿದಿದೆ, ಮುಚ್ಚೋ ಮೊದಲೇ ಹುಡುಕಿ.