ಚಳಿಗಾಲದ ಕೋಸಂಬರಿ

ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಕೋಸಂಬರಿಯ ಮಾತನ್ನೆತ್ತಿದರೆ ಮನೆಯ ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಕೋಸಂಬರಿಯೆಂದರೆ ರಾಮನವಮಿಯ ಬಿಸಿಲು, ಪಾನಕ, ನೀರುಮಜ್ಜಿಗೆ. ನೆನೆದ ಹೆಸರುಬೇಳೆ ಮತ್ತು ಸೌತೆಕಾಯಿ. ಇವೆರಡೂ ತಂಪು ಪದಾರ್ಥಗಳೆಂದು ನಮ್ಮವರ ಎಣಿಕೆ. ಆದುದರಿಂದ ಚಳಿ ಕಾಲಿಟ್ಟೊಡನೆ ಹಸಿಯ ತರಕಾರಿ ಎಲೆಯಿಂದ ಮಾಯವಾಗಿ, ಬಿಸಿ ಸಾರು ಹುಳಿಗಳಷ್ಟೇ ಉಳಿಯುವುವು. ಹಿರಿಯರ ಆಕ್ಷೇಪಣೆಯನ್ನು ನಾನು ತಳ್ಳಿಹಾಕುವವನಲ್ಲ. ಆದರೆ ಕ್ಯಾರೆಟ್ಟು, ಮೂಲಂಗಿ, ನೆಲ್ಲಿಕಾಯಿಗಳು ಅತ್ಯಂತ ರುಚಿಯಾಗಿರುವ ದಿನಗಳಲ್ಲಿಯೇ ಅವನ್ನು ಹಸಿಯಾಗಿ ತಿನ್ನದಿರುವುದು ನಷ್ಟವೇ ಸರಿ. ಬೇಸಗೆಯ ಕೋಸಂಬರಿಯನ್ನೇ ಚಳಿಯಲ್ಲಿಯೂ ಬಡಿಸಿರೆಂದು ನಾನು ಹೇಳುತ್ತಿಲ್ಲ. ಚಳಿಗೆ ತಕ್ಕ ಕೋಸಂಬರಿಯೇ ಬೇರೆ. ಅದಕ್ಕೆ ಆಧಾರ ಹೆಸರುಬೇಳೆಯಲ್ಲ, ಅವರೆಕಾಳು.

ಮೈಸೂರು ಸೀಮೆಯ ರೈತರು ರಾಗಿಯ ಹೊಲದಲ್ಲಿ ನಡುನಡುವೆ ಅವರೆಯ ಸಾಲು ಹಾಕುವುದು ಹಳೆಯ ಪದ್ಧತಿ. ನಾಟಿ ಅವರೆಗೆ ಒಂದು ವಿಚಿತ್ರ ಸ್ವಭಾವವುಂಟು: ಹಗಲು ಕಿರಿದಾಗುತ್ತ ಬಂದಲ್ಲದೆ ಅದು ಹೂ ಬಿಡದು. ಆದಕಾರಣ ಡಿಸೆಂಬರು, ಜನವರಿಗಳಲ್ಲಿಯೇ ಕಾಯಿ ಪೇಟೆಗೆ ರಾಶಿಯಾಗಿ ಬರುತ್ತದೆ. ಹಗಲಿನ ಉದ್ದವನ್ನು ಲೆಕ್ಕಿಸದೆ ಹೂ ಬಿಡುವ ಹೆಬ್ಬಾಳದ ತಳಿಗಳು ಬಂದಮೇಲೆ ಬೇರೆ ತಿಂಗಳುಗಳಲ್ಲಿಯೂ ಅವರೆ ದೊರೆಯುವುದು ನಿಜ. ಆದರೂ ಮಾಗಿಯ ಕಾಯಿಯ ಸೊಗಡಿಗೆ ಅದು ಸಮನಲ್ಲವೆಂಬುದು ನನ್ನ ನಾಲಗೆಯ ತೀರ್ಪು. ಕೊಳ್ಳುವಾಗ ಕಾಯನ್ನು ಬೆರಳಿನಿಂದ ತಿಕ್ಕಿ ನೋಡಿರಿ. ಜಿಡ್ಡು ಅಂಟಿ ಪರಿಮಳ ಬಂದರೆ ಅದು ಸೊಗಡವರೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಸಿಯದೆಲ್ಲವೂ ಹಿತವೆಂದು ಎಲ್ಲಿಯೋ ಓದಿದ್ದ ತರುಣಮಿತ್ರರೊಬ್ಬರು ಹಿತುಕಿದ ಬೇಳೆಯನ್ನು ಬೇಯಿಸದೆಯೇ ಕೋಸಂಬರಿಗೆ ಬೆರಸಹೊರಟಿದ್ದರು. ಕೈ ಹಿಡಿದು ತಡೆಯಬೇಕಾಯಿತು. ಹೆಸರುಬೇಳೆಯನ್ನು ನೆನಸಿ ತಿನ್ನಬಹುದು, ಅವರೆಯನ್ನು ತಿನ್ನಲಾಗದು. ಪ್ರೋಟೀನಿನ ಜೀರ್ಣಕ್ಕೆ ಅಡ್ಡಬರುವ ವಸ್ತುಗಳು ಅದರಲ್ಲಿವೆ. ಹೈಡ್ರೋಸಯನಿಕ್ ಆಮ್ಲವನ್ನು ಹುಟ್ಟಿಸುವ ದ್ರವ್ಯವೂ ಉಂಟು. ತಳಿಯಿಂದ ತಳಿಗೆ ಇವುಗಳ ಪ್ರಮಾಣ ಹೆಚ್ಚುಕಡಮೆಯಾಗುತ್ತದೆ. ಬಲಿತು ಒಣಗಿದ ಕಾಳಿನಲ್ಲಿ ಭಯ ಹೆಚ್ಚು. ಚೆನ್ನಾಗಿ ಕುದಿಸಿದರೆ ಮೊದಲನೆಯವು ಕೆಡುತ್ತವೆ. ಎರಡನೆಯದು ಬಹುಮಟ್ಟಿಗೆ ನೀರಿನಲ್ಲಿಯೂ ಆವಿಯಲ್ಲಿಯೂ ಹೊರಟುಹೋಗುತ್ತದೆ. ಆದುದರಿಂದ ಪಾತ್ರೆಯ ಮುಚ್ಚಳವನ್ನು ತೆರೆದಿಟ್ಟೇ ಬೇಯಿಸುವುದು ಲೇಸು.

ಈಗ ಕೆಲಸಕ್ಕೆ ತೊಡಗೋಣ. ಬಿಡಿಸಿದ ಹಸಿ ಅವರೆಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಹಿತುಕಿ ಸಿಪ್ಪೆ ತೆಗೆಯತಕ್ಕದ್ದು. ಈ ಕೆಲಸಕ್ಕೆ ಮಕ್ಕಳನ್ನು ಕೂರಿಸಿದರೆ ಅರ್ಧ ಬೇಳೆ ಪಾತ್ರೆಗೆ, ಅರ್ಧ ಗೋಡೆಗೆ ಹಾರುವುದು, ಆದರೂ ಕೂರಿಸಬೇಕು. ಎರಡು ಬಟ್ಟಲು ಬೇಳೆಯನ್ನು ಕುದಿಯುವ ನೀರಿಗೆ ಹಾಕಿರಿ. ಬೆರಳಿನಲ್ಲಿ ಒತ್ತಿದರೆ ಸುಲಭವಾಗಿ ಮುರಿಯಬೇಕು, ಆದರೆ ಕರಗಿ ಮುದ್ದೆಯಾಗಬಾರದು. ಹದ ಬಂದೊಡನೆ ನೀರು ಬಸಿದು, ಅಗಲವಾದ ತಟ್ಟೆಯಲ್ಲಿ ಹರಡಿರಿ. ಪಾತ್ರೆಯಲ್ಲಿಯೇ ಬಿಟ್ಟರೆ ತನ್ನ ಕಾವಿನಿಂದಲೇ ಮತ್ತಷ್ಟು ಬೇಯುವುದು. ಉಗುರುಬೆಚ್ಚಗಾದಾಗ ಒಂದು ಬಟ್ಟಲು ಕ್ಯಾರೆಟ್ಟಿನ ತುರಿ, ಅರ್ಧ ಬಟ್ಟಲು ಎಳೆಯ ಮೂಲಂಗಿಯ ತುರಿ, ಅಷ್ಟೇ ತೆಂಗಿನಕಾಯಿ, ಒಂದು ಹಿಡಿ ಹುರಿದು ಕುಟ್ಟಿದ ಕಡಲೆಕಾಯಿ ಬೀಜ, ಹೆಚ್ಚಿದ ಶುಂಠಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪುಗಳನ್ನು ಬೆರಸಿರಿ. ಹುಳಿಗೆ ನಿಂಬೆಹಣ್ಣಿನ ಬದಲು ಎರಡು ನೆಲ್ಲಿಕಾಯಿಗಳನ್ನು ತುರಿದು ಹಾಕಿ ನೋಡಿರಿ. ಸಿ ಜೀವಸತ್ತ್ವ ಅದರಲ್ಲಿ ಹೇರಳ. ಕಾವಿಗೆ ಅದು ನಾಶವಾಗುವುದರಿಂದ ಬೇಳೆ ಆರಿದ ಮೇಲೆಯೇ ಸೇರಿಸಬೇಕು. ಕಡೆಗೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಎಣ್ಣೆಯನ್ನು ತೀರ ಜಿಪುಣತನದಿಂದ ಹಾಕಬೇಡಿರಿ. ಕ್ಯಾರೆಟ್ಟಿನ ಕೆಂಪು ವರ್ಣದ್ರವ್ಯವು ದೇಹಕ್ಕೆ ಸೇರಲು ಸ್ವಲ್ಪ ಕೊಬ್ಬು ಬೇಕು.

ಉಪ್ಪನ್ನು ಮರೆತನೆಂದು ತಿಳಿಯಬೇಡಿರಿ. ಆಂಗ್ಲರ ‘ಸ್ಯಾಲಡ್’ ಎಂಬ ಹೆಸರು ಲ್ಯಾಟಿನ್ ಭಾಷೆಯ ಉಪ್ಪಿನ ಪದದಿಂದಲೇ ಹುಟ್ಟಿದ್ದು. ಹೆಸರಿನಲ್ಲಿ ಮೊದಲಾದರೂ ಕೆಲಸದಲ್ಲಿ ಅದು ಕಡೆಯದಾಗಬೇಕು. ಒಮ್ಮೆ ಸ್ನೇಹಿತರನ್ನು ಸಂಜೆಗೆ ಕರೆದಿದ್ದಾಗ, ಮುಂಜಾಗ್ರತೆಯೆಂದು ಮಧ್ಯಾಹ್ನವೇ ಎಲ್ಲವನ್ನೂ ಉಪ್ಪು ಸಹಿತ ಕಲಸಿಟ್ಟಿದ್ದೆ. ಅವರು ಬರುವ ವೇಳೆಗೆ ಮೂಲಂಗಿ ಸೊರಗಿ, ಪಾತ್ರೆಯ ತಳದಲ್ಲಿ ನೀರು ನಿಂತು, ಬಡಿಸಿದ್ದು ಕೋಸಂಬರಿಯೋ ತಿಳಿಸಾರೋ ಎಂಬ ಸಂದೇಹವುಂಟಾಯಿತು. ಉಪ್ಪು ತರಕಾರಿಯ ಕೋಶಗಳಲ್ಲಿರುವ ನೀರನ್ನು ಹೊರಕ್ಕೆ ಸೆಳೆಯುತ್ತದೆಂದು ತರಗತಿಯಲ್ಲಿ ಕೇಳಿದ್ದವನಿಗೆ ಅಡಿಗೆಮನೆಯಲ್ಲಿ ಅದು ನೆನಪಾಗಲಿಲ್ಲ! ಎಲೆಗೆ ಬಡಿಸುವ ಮುನ್ನ ಉಪ್ಪು ಬೆರಸಿದರೆ ಸಾಕು.

ಪಕ್ಕದಲ್ಲಿ ಬಿಸಿಯಾದ ಅಕ್ಕಿರೊಟ್ಟಿಯೊಂದಿದ್ದರೆ ಇದು ರಾತ್ರಿಯ ಊಟಕ್ಕೇ ಸಾಲುವುದು. ಕೋಸಂಬರಿ ಉಗುರುಬೆಚ್ಚಗಿರುವಾಗಲೇ ಬಡಿಸಿರಿ. ಹಿರಿಯರ ತಂಪಿನ ಆಕ್ಷೇಪಣೆಗೆ ನಮ್ಮ ಮನೆಯಲ್ಲಿ ದೊರೆತ ಉತ್ತರ ಅದೇ. ಉಳಿದದ್ದನ್ನು ಮರುದಿನಕ್ಕೆ ಇಡುವ ಯೋಚನೆ ಬೇಡ, ಕಾಯಿತುರಿ ಬೇಗ ಹಳಸುತ್ತದೆ.