ಬೀಳುವುದನ್ನು ಮೊದಲು ಕಲಿತವಳು



ಮಲಪ್ರಭಾ ಎಂಬ ಹೆಸರನ್ನು ಸಾಂತಾಕ್ರೂಜ್‌ನಲ್ಲಿ ಹುಟ್ಟಿ ಬೆಳೆದ ನೀವು ಕೇಳಿರಲಿಕ್ಕಿಲ್ಲ. ಮನೆಯ ಹಿರಿಯರನ್ನು ಕೇಳಿದರೆ, ಬೆಳಗಾವಿ ಜಿಲ್ಲೆಯ ಕಣಕುಂಬಿಯಲ್ಲಿ ಹುಟ್ಟಿ ಕೃಷ್ಣೆಯನ್ನು ಸೇರುವ ನದಿಯದು ಎಂದಾರು. ಅದೇ ಜಿಲ್ಲೆಯ, ಅದೇ ಹೆಸರಿನ ಹುಡುಗಿಯೊಬ್ಬಳು 2018ರ ಆಗಸ್ಟ್ 28ರಂದು ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಕಂಚಿನ ಪದಕ ತಂದಳು. ಆಕೆಯೇ ಮಲಪ್ರಭಾ ಜಾಧವ್.

ಬೆಳಗಾವಿ ಸಮೀಪದ ತುರಮುರಿ ಆಕೆಯ ಊರು, ತಂದೆ ರೈತರು. ಗಡಿನಾಡಿನ ಆ ಕಡೆ ನಮ್ಮ ಮುಂಬಯಿಯಂತೆಯೇ ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುತ್ತವೆ. ಮಲಪ್ರಭಾ ಬೆಳಗಾವಿಯ ಸರಕಾರಿ ಕ್ರೀಡಾ ಕೇಂದ್ರದಲ್ಲಿ ಕಲಿತದ್ದು ಜೂಡೋ.

ಜೂಡೋದಲ್ಲಿ ಮೊದಲ ಪಾಠ ಎಸೆಯುವುದಲ್ಲ, ಬೀಳುವುದು. ಗಲ್ಲವನ್ನು ಎದೆಗೊತ್ತಿ, ಅಂಗೈಯಿಂದ ಚಾಪೆಯನ್ನು ಬಡಿದು, ಪೆಟ್ಟಾಗದಂತೆ ನೆಲ ಮುಟ್ಟಬೇಕು. ಇದನ್ನು ನೂರಾರು ಸಲ ಮಾಡಿಸಿದ ಮೇಲೆಯೇ ಎದುರಾಳಿಯ ಅಂಗಿ ಹಿಡಿಯಲು ಬಿಡುತ್ತಾರೆ.

ಆದರೆ ಮಲಪ್ರಭಾಗೆ ಪದಕ ಬಂದದ್ದು ಜೂಡೋದಲ್ಲಲ್ಲ, ಅದರ ಸೋದರಸಂಬಂಧಿ ಕುರಾಶ್‌ನಲ್ಲಿ. ಇದು ಉಜ್ಬೇಕಿಸ್ತಾನದ ಪ್ರಾಚೀನ ಕುಸ್ತಿ. 2018ರಲ್ಲಿ ಮೊದಲ ಬಾರಿಗೆ ಏಷ್ಯನ್ ಕ್ರೀಡಾಕೂಟ ಸೇರಿತು. ಇಲ್ಲಿ ನಿಂತೇ ಸೆಣಸಬೇಕು. ಸೊಂಟಪಟ್ಟಿಗಿಂತ ಕೆಳಗೆ ಹಿಡಿಯುವಂತಿಲ್ಲ. ಜೂಡೋದ ನೆಲದ ಪಟ್ಟುಗಳು ಇಲ್ಲಿ ನಡೆಯವು. ಕಲಿತ ವಿದ್ಯೆಯ ಒಂದು ಭಾಗವನ್ನು ಬದಿಗಿಟ್ಟು, ಉಳಿದುದನ್ನು ಹೊಸ ನಿಯಮಕ್ಕೆ ಒಗ್ಗಿಸಿಕೊಂಡು ಆಕೆ 52 ಕಿಲೋ ವಿಭಾಗದ ಸೆಮಿಫೈನಲ್ ತಲುಪಿದಳು. ಅದೇ ವಿಭಾಗದಲ್ಲಿ ದೆಹಲಿಯ ಪಿಂಕಿ ಬಲ್ಹಾರಾ ಬೆಳ್ಳಿ ಗೆದ್ದಳು.

ಚಾಪೆಯ ಮೇಲೆ ಹುಡುಗಿಯರಿಗೆ ಈ ಜಾಗ ಸುಲಭವಾಗಿ ಸಿಕ್ಕಿದ್ದಲ್ಲ. ಜಪಾನಿನ ಜಿಗೊರೊ ಕಾನೊ 1882ರಲ್ಲಿ ಜೂಡೋ ಆರಂಭಿಸಿದರು. ಗಂಡಸರ ಜೂಡೋ 1964ರಲ್ಲೇ ಒಲಿಂಪಿಕ್ಸ್ ಸೇರಿದರೂ ಹೆಂಗಸರಿಗೆ ಪದಕ ಸ್ಪರ್ಧೆ ದೊರೆತದ್ದು 1992ರಲ್ಲಿ. 1959ರಲ್ಲಿ ನ್ಯೂಯಾರ್ಕ್ ರಾಜ್ಯದ ಪಂದ್ಯವೊಂದರಲ್ಲಿ ರಸ್ಟಿ ಕಾನೊಕೊಗಿ ಎಂಬಾಕೆ ಗಂಡು ವೇಷದಲ್ಲಿ ಸೆಣಸಿ ಗೆದ್ದರು. ಹೆಣ್ಣೆಂದು ತಿಳಿದಾಗ ಪದಕವನ್ನು ಹಿಂದಕ್ಕೆ ಪಡೆದರು! ಆಕೆ ಸುಮ್ಮನೆ ಕೂರಲಿಲ್ಲ. 1980ರಲ್ಲಿ ನ್ಯೂಯಾರ್ಕ್‌ನಲ್ಲಿ ಮಹಿಳೆಯರ ಮೊದಲ ವಿಶ್ವ ಜೂಡೋ ಕೂಟವನ್ನೇ ನಡೆಸಿದರು. ಕಸಿದ ಪದಕಕ್ಕೆ ಬದಲಾಗಿ ಆಕೆಗೆ ಚಿನ್ನದ ಪದಕ ಕೊಟ್ಟದ್ದು 2009ರಲ್ಲಿ, ಐವತ್ತು ವರ್ಷಗಳ ನಂತರ.

ಇಂದು ನಮ್ಮ ಮಕ್ಕಳ ಪದಕ ಯಾರೂ ಕಸಿಯುವುದಿಲ್ಲ. ಆದರೆ ಹತ್ತನೆಯ ತರಗತಿ ಬಂತೆಂದರೆ ಎಷ್ಟೋ ಮನೆಗಳಲ್ಲಿ ಮಗಳ ಆಟದ ಅಂಗಿ ಕಪಾಟು ಸೇರುತ್ತದೆ. "ಇನ್ನು ಸಾಕು, ಪೆಟ್ಟಾದರೆ ಏನು ಗತಿ?" ಎಂಬ ಕಾಳಜಿಯ ಮಾತು ನೀವೂ ಕೇಳಿರುತ್ತೀರಿ. ಹೆತ್ತವರ ಆತಂಕ ಸುಳ್ಳಲ್ಲ. ಅದಕ್ಕೆ ಉತ್ತರ ಆ ಮೊದಲ ಪಾಠದಲ್ಲೇ ಇದೆ: ಬೀಳುವುದನ್ನು ತಪ್ಪಿಸಲಾಗದು, ಸರಿಯಾಗಿ ಬೀಳಲು ಕಲಿಯಬಹುದು.

ನಿಮ್ಮ ಶಾಲೆಯಲ್ಲೋ, ಹತ್ತಿರದ ವ್ಯಾಯಾಮಶಾಲೆಯಲ್ಲೋ ಜೂಡೋ ತರಗತಿ ಇದ್ದರೆ ಒಮ್ಮೆ ಹೋಗಿ ನೋಡಿ. ಅಪ್ಪ ಅಮ್ಮನನ್ನೂ ಜೊತೆಗೆ ಕರೆದೊಯ್ಯಿರಿ. ಮಗಳು ಬಿದ್ದು, ನಕ್ಕು, ಎದ್ದು ನಿಲ್ಲುವುದನ್ನು ಅವರೂ ನೋಡಲಿ.