ದಿಲ್ಲಿಯಿಂದ ನಮ್ಮ ಬೀದಿಯವರೆಗೆ: ಕಾನೂನು ಮಾಡುವವರು ಯಾರು?

"ಶಾಸನಸಭೆ, ಸಂಸತ್ತು ಅಂತ ನಮಗ್ಯಾಕೆ? ಅದೆಲ್ಲ ಗಂಡಸರು ಜಗಲಿ ಮೇಲೆ ಕೂತು ಆಡೋ ಮಾತು" ಎನ್ನುವ ಗೃಹಿಣಿಯರು ಇಂದಿಗೂ ಇದ್ದಾರೆ. ಆದರೆ ಮಗಳ ಮದುವೆಯ ಮಾತುಕತೆಯಲ್ಲಿ 'ಕೊಡೋದು ತಗೊಳ್ಳೋದು' ಎಂಬ ಸೊಲ್ಲು ಬಂದಾಗ, ತವರಿನಲ್ಲಿ ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಳ್ಳುವಾಗ, ಬೀದಿ ನಲ್ಲಿಯಲ್ಲಿ ನೀರು ಬಾರದೆ ಖಾಲಿ ಕೊಡ ಹಿಡಿದು ನಿಂತಾಗ, ನಾವು ಈ ಸಭೆಗಳ ಬಾಗಿಲಲ್ಲೇ ನಿಂತಿರುತ್ತೇವೆ. ಒಳಗೆ ಏನು ನಡೆಯುತ್ತದೆ ಎಂದು ತಿಳಿದಿರುವುದು ಒಳ್ಳೆಯದಲ್ಲವೇ?

ಕೂಡುಕುಟುಂಬದಲ್ಲಿ ಕೆಲಸ ಹಂಚಿಕೊಂಡಂತೆ ನಮ್ಮ ಸಂವಿಧಾನವೂ ಕೆಲಸ ಹಂಚಿದೆ. ರಕ್ಷಣೆ, ರೈಲು, ಅಂಚೆ ಮೊದಲಾದುವು ಕೇಂದ್ರದ ಪಟ್ಟಿಯಲ್ಲಿವೆ. ಪೊಲೀಸು, ಆಸ್ಪತ್ರೆ, ಜಮೀನು ರಾಜ್ಯದ ಪಟ್ಟಿಯಲ್ಲಿ. ಮದುವೆ, ವಿಚ್ಛೇದನ, ಉತ್ತರಾಧಿಕಾರ ಇವು ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಯಲ್ಲಿವೆ.

ಸಂಸತ್ತಿನಲ್ಲಿ

ಲೋಕಸಭೆಗೆ ೫೪೩ ಜನರನ್ನು ನಾವೇ ನೇರವಾಗಿ ಆರಿಸುತ್ತೇವೆ. ಅದರಲ್ಲಿ ಕರ್ನಾಟಕದವರು ೨೮. ರಾಜ್ಯಸಭೆಯ ೨೪೫ ಸ್ಥಾನಗಳಲ್ಲಿ ನಮ್ಮ ರಾಜ್ಯದ ಪಾಲು ೧೨. ಇವರನ್ನು ನಮ್ಮ ಶಾಸಕರು ಆರಿಸಿ ಕಳಿಸುತ್ತಾರೆ. ಕಾನೂನಿನ ಕರಡಿಗೆ 'ಮಸೂದೆ' ಎಂದು ಹೆಸರು. ಅದನ್ನು ಮೊದಲು ಸದನದಲ್ಲಿ ಮಂಡಿಸುತ್ತಾರೆ. ಆಮೇಲೆ ಕಲಮು ಕಲಮಾಗಿ ಚರ್ಚೆ. ಕೆಲವೊಮ್ಮೆ ಸಮಿತಿಯ ಪರಿಶೀಲನೆ. ಕೊನೆಗೆ ಮತ. ಒಂದು ಸದನ ಒಪ್ಪಿದ ಮೇಲೆ ಇನ್ನೊಂದು ಸದನದಲ್ಲೂ ಇದೇ ಕ್ರಮ. ಎರಡೂ ಒಪ್ಪಿ, ರಾಷ್ಟ್ರಪತಿಗಳ ಅಂಕಿತ ಬಿದ್ದರೆ ಮಸೂದೆ ಕಾಯಿದೆಯಾಗುತ್ತದೆ.

ಎರಡು ಸದನಗಳಿಗೂ ಒಮ್ಮತವಾಗದಿದ್ದರೆ? ಆಗ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮತ ಹಾಕಿಸುವ ಏರ್ಪಾಡಿದೆ. ಇದಕ್ಕೆ ಜಂಟಿ ಅಧಿವೇಶನವೆಂದು ಹೆಸರು. ಹೀಗೆ ಮೊಟ್ಟಮೊದಲು ಕೂರಿಸಬೇಕಾಗಿ ಬಂದದ್ದು ಯಾವ ವಿಷಯಕ್ಕೆ ಗೊತ್ತೇ? ವರದಕ್ಷಿಣೆಗೆ! ೧೯೫೯ರ ವರದಕ್ಷಿಣೆ ನಿಷೇಧ ಮಸೂದೆಯ ಮೇಲೆ ಎರಡು ಸದನಗಳು ಒಪ್ಪದೆ, ೧೯೬೧ರ ಮೇ ತಿಂಗಳಲ್ಲಿ ಜಂಟಿಯಾಗಿ ಸೇರಿದವು. ಆಮೇಲೆ ೧೯೭೮ರಲ್ಲಿ ಮತ್ತು ೨೦೦೨ರಲ್ಲಿ ಬೇರೆ ಮಸೂದೆಗಳಿಗಾಗಿ ಸೇರಿದ್ದುಂಟು.

ಆದರೂ ೧೯೬೧ರ ಕಾಯಿದೆಯಲ್ಲಿ ಒಂದು ಸಡಿಲು ಉಳಿಯಿತು. ಮದುವೆಯ ಪ್ರತಿಫಲವಾಗಿ ಕೊಟ್ಟದ್ದಲ್ಲದಿದ್ದರೆ ಹಣ, ಒಡವೆ, ಬಟ್ಟೆಯ ಉಡುಗೊರೆ ವರದಕ್ಷಿಣೆಯಲ್ಲ ಎಂದಿತ್ತು. ಶಿಕ್ಷೆಯೂ ಹೆಚ್ಚೆಂದರೆ ಆರು ತಿಂಗಳು. ೧೯೮೪ ಮತ್ತು ೧೯೮೬ರಲ್ಲಿ ಸಂಸತ್ತು ಇದನ್ನು ಬಿಗಿ ಮಾಡಿತು. ಈಗ ಕೊಟ್ಟರೂ ತಗೊಂಡರೂ ಕನಿಷ್ಠ ಐದು ವರ್ಷ ಸೆರೆ ಎಂದಿದೆ. ಉಡುಗೊರೆಗಳ ಪಟ್ಟಿ ಬರೆದಿಡಬೇಕೆಂಬ ನಿಯಮವೂ ಇದೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಬರೆದಿಡುತ್ತಾರೆ ಹೇಳಿ!

ವಿಧಾನಸೌಧದಲ್ಲಿ

ನಮ್ಮ ವಿಧಾನಸಭೆಯಲ್ಲಿ ೨೨೪ ಶಾಸಕರು, ವಿಧಾನಪರಿಷತ್ತಿನಲ್ಲಿ ೭೫ ಸದಸ್ಯರು. ಪರಿಷತ್ತಿನ ೨೫ ಜನರನ್ನು ಪಂಚಾಯಿತಿ, ಪುರಸಭೆ ಮೊದಲಾದ ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. ಅಂದರೆ ನಿಮ್ಮೂರಿನ ಪಂಚಾಯಿತಿ ಸದಸ್ಯೆಯ ಮತಕ್ಕೂ ಅಲ್ಲಿ ಬೆಲೆ ಇದೆ. ಇಲ್ಲಿ ಜಂಟಿ ಅಧಿವೇಶನವಿಲ್ಲ. ಪರಿಷತ್ತು ಮಸೂದೆಯನ್ನು ಕೆಲವು ತಿಂಗಳು ತಡೆಯಬಹುದು, ಅಷ್ಟೆ; ಕೊನೆಯ ಮಾತು ವಿಧಾನಸಭೆಯದು. ಆಮೇಲೆ ರಾಜ್ಯಪಾಲರ ಅಂಕಿತ.

ರಾಜ್ಯದ ಕಾನೂನು ನಮ್ಮ ಬದುಕನ್ನು ಹೇಗೆ ಮುಟ್ಟುತ್ತದೆ ನೋಡಿ. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಪಿತ್ರಾರ್ಜಿತ ಆಸ್ತಿಗೆ ಹುಟ್ಟಿನಿಂದ ಹಕ್ಕುದಾರರಾಗುತ್ತಿದ್ದವರು ಗಂಡುಮಕ್ಕಳು ಮಾತ್ರ. ಹೆಣ್ಣುಮಕ್ಕಳಿಗೂ ಸಮಪಾಲು ಬೇಕೆಂದು ನಮ್ಮ ವಿಧಾನಮಂಡಲ ೧೯೯೦ರಲ್ಲಿ ತಿದ್ದುಪಡಿ ಒಪ್ಪಿತು. ವಿಷಯ ಸಮವರ್ತಿ ಪಟ್ಟಿಯದಾದ್ದರಿಂದ ಮತ್ತು ಕೇಂದ್ರದ ಕಾಯಿದೆಗಿಂತ ಭಿನ್ನವಾದ್ದರಿಂದ ರಾಷ್ಟ್ರಪತಿಗಳ ಒಪ್ಪಿಗೆಯೇ ಬೇಕಾಯಿತು. ಜಾರಿಗೆ ಬಂದದ್ದು ೧೯೯೪ರ ಜುಲೈ ೩೦ರಂದು. ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಮಾತ್ರ ಅದು ಹೊರಗಿಟ್ಟಿತು.

ಕೇಂದ್ರ ಇದೇ ದಾರಿಗೆ ಬಂದದ್ದು ೨೦೦೫ರಲ್ಲಿ. ಮದುವೆಯಾಗಿರಲಿ ಆಗದಿರಲಿ, ಮಗಳೂ ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳೆಂದು ಸಂಸತ್ತು ತಿದ್ದುಪಡಿ ಮಾಡಿತು. ಆ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ೨೦೨೦ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ೨೦೦೪ರ ಡಿಸೆಂಬರ್ ೨೦ಕ್ಕೆ ಮೊದಲು ಕ್ರಮವಾಗಿ ಆಗಿಹೋದ ವಿಭಾಗಗಳಿಗೆ ಇದು ಅನ್ವಯಿಸದು. ಆದ್ದರಿಂದ ಹಬ್ಬಕ್ಕೆಂದು ತವರಿಗೆ ಕರೆದು, "ಇಲ್ಲೊಂದು ಸಹಿ ಹಾಕಮ್ಮ, ಬರೀ ಶಾಸ್ತ್ರಕ್ಕೆ" ಎಂದು ಕಾಗದ ಮುಂದಿಟ್ಟರೆ, ಮೊದಲು ಓದಿ. ಹಕ್ಕು ಬಿಟ್ಟುಕೊಡುವುದೂ ಬಿಡುವುದೂ ನಿಮ್ಮ ಇಷ್ಟ. ಆದರೆ ಏನನ್ನು ಬಿಡುತ್ತಿದ್ದೇವೆಂದು ತಿಳಿಯದೆ ಬಿಡಬಾರದು.

ನಮ್ಮ ಊರಿನಲ್ಲಿ

ಪಂಚಾಯಿತಿ, ಪುರಸಭೆಗಳು ಕಾಯಿದೆ ಮಾಡುವುದಿಲ್ಲ. ರಾಜ್ಯದ ಕಾಯಿದೆಯ ಚೌಕಟ್ಟಿನೊಳಗೆ ಉಪವಿಧಿ ಮಾಡುತ್ತವೆ, ಮನೆಕಂದಾಯ ಹಾಕುತ್ತವೆ, ಅಂಗಡಿಗೆ ಲೈಸೆನ್ಸು ಕೊಡುತ್ತವೆ. ನೀರು, ಚರಂಡಿ, ಬೀದಿದೀಪ ಇವರ ಪಾಲು. ಹಳ್ಳಿಯಲ್ಲಾದರೆ ಗ್ರಾಮಸಭೆ ಎಂಬುದೂ ಉಂಟು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬ ಹೆಂಗಸೂ ಅದರ ಸದಸ್ಯೆ. ಅಲ್ಲಿ ಎದ್ದು ನಿಂತು ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಹೆಂಗಸರಿಗೆ ಕುರ್ಚಿ ಮೊದಲು ಸಿಕ್ಕಿದ್ದೂ ಇಲ್ಲೇ. ೧೯೮೩ರ ಕರ್ನಾಟಕದ ಪಂಚಾಯತ್ ಮಸೂದೆ ನೂರಕ್ಕೆ ೨೫ ಸ್ಥಾನವನ್ನು ಮಹಿಳೆಯರಿಗೆ ಮೀಸಲಿಟ್ಟಿತು. ಅದರಂತೆ ೧೯೮೭ರಲ್ಲಿ ಚುನಾವಣೆಯೂ ನಡೆಯಿತು. ೧೯೯೩ರಲ್ಲಿ ಜಾರಿಯಾದ ೭೩ ಮತ್ತು ೭೪ನೇ ಸಂವಿಧಾನ ತಿದ್ದುಪಡಿಗಳು ದೇಶಕ್ಕೆಲ್ಲ ಮೂರನೆಯ ಒಂದು ಭಾಗವೆಂದವು. ಆಮೇಲೆ ನಮ್ಮ ರಾಜ್ಯ ಅರ್ಧಕ್ಕೆ ಏರಿಸಿತು. ಲೋಕಸಭೆ, ವಿಧಾನಸಭೆಗಳಲ್ಲೂ ಮೂರನೆಯ ಒಂದು ಭಾಗ ಕೊಡುವ ತಿದ್ದುಪಡಿಯನ್ನು ಸಂಸತ್ತು ಒಪ್ಪಿದ್ದು ೨೦೨೩ರಲ್ಲಿ. ದೊಡ್ಡ ಮನೆಗಳಿಗೆ ಬುದ್ಧಿ ಬರಲು ಚಿಕ್ಕ ಮನೆ ದಾರಿ ತೋರಬೇಕಾಯಿತು.

ನಾವು ಮಾಡಬಹುದಾದದ್ದು

ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ನೋಡಿಕೊಳ್ಳಿ. ಸೊಸೆ ಮನೆಗೆ ಬಂದಾಗ ಅವಳ ಹೆಸರನ್ನೂ ಸೇರಿಸಿ. ವಾರ್ಡಿನ ಸದಸ್ಯರು ಯಾರೆಂದು ತಿಳಿದಿರಿ. ದೂರನ್ನು ಬಾಯಲ್ಲಿ ಹೇಳದೆ ಬರೆದು ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಸಹಿ ಪಡೆಯಿರಿ. ಗ್ರಾಮಸಭೆಯ ದಿನ ನಾಲ್ಕು ಮನೆಯವರು ಮಾತಾಡಿಕೊಂಡು ಒಟ್ಟಿಗೆ ಹೋಗಿ. ಒಬ್ಬಳ ಮಾತಿಗೆ 'ಆಯ್ತಮ್ಮ, ನೋಡೋಣ' ಎನ್ನುವವರು ಹತ್ತು ಜನ ಎದ್ದು ನಿಂತರೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಹಾಗೆ ಬರೆಸಿದ ಒಂದು ಸಾಲೇ ನಾಳೆ ನಲ್ಲಿಗೆ ನೀರು ತರಬಹುದು.